ಕೋವಿ ಇಟ್ಟುಕೊಂಡು ಕೆನಡಾ ದಾಟುವುದು: 25 ಡಾಲರ್ ಕಾಗದ, ಬೀಗದ ಪೆಟ್ಟಿಗೆ ಮತ್ತು ಟೆಂಟು

ಮೊದಲು ಸ್ಟಾರ್ ಕೊಟ್ಟುಬಿಡುತ್ತೇನೆ, ಆಮೇಲೆ ಓದುವವರು ಓದಿ. ಹೊರದೇಶದಿಂದ ಬರುವವರ ಬೇಟೆ ಕೋವಿಗೆ ಕೆನಡಾ ಗಡಿಯಲ್ಲಿ ಕೊಡುವ ತಾತ್ಕಾಲಿಕ ಪರವಾನಗಿಗೆ ಐದಕ್ಕೆ ನಾಲ್ಕು. 25 ಕೆನಡಿಯನ್ ಡಾಲರ್, ಒಂದು ಫಾರಂ, ಒಂದಿಷ್ಟು ಪ್ರಶ್ನೆ, ಮುಗೀತು. ಒಂದು ಸ್ಟಾರ್ ಯಾಕೆ ಕಡಿಮೆ ಅಂದರೆ, ಇಡೀ ನಿಯಮಾವಳಿ ಕಾರಿನ ಡಿಕ್ಕಿಯನ್ನೋ ಮನೆಯ ಬೀರುವನ್ನೋ ಮನಸ್ಸಿನಲ್ಲಿಟ್ಟು ಬರೆದ ಹಾಗಿದೆ. ಟೆಂಟಿಗೆ ಬೀಗ ಎಲ್ಲಿದೆ? ಗಡಿಯಲ್ಲಿ ಆಗುವ ಕೆಲಸ ಸುಲಭ. ಸಂಜೆ ಟೆಂಟು ಹೊಡೆದು, ಅನ್ನ ಮಾಡಿ ತಿಂದು, ಇನ್ನೇನು ಮಲಗಬೇಕು ಅನ್ನುವಾಗ ಕೋವಿ ಎಲ್ಲಿಡುವುದು ಅನ್ನೋ ಪ್ರಶ್ನೆ ಇದೆಯಲ್ಲ, ಕಷ್ಟ ಅಲ್ಲಿದೆ.

ನಾನಿರುವುದು ಸಿಯಾಟಲ್ ಹತ್ತಿರ. ಅಲ್ಲಿಂದ ಗೆಳೆಯನೊಬ್ಬನ ಜೊತೆ ಕಾರಿನಲ್ಲಿ ಕೆನಡಾ ದಾಟಿ ಅಲಾಸ್ಕಾಕ್ಕೆ ಬೇಟೆಗೆ ಹೋಗಿ ಬಂದ ಕಥೆ ಇದು. ಊರು ತೀರ್ಥಹಳ್ಳಿ ಕಡೆ. ಮನೆಯಲ್ಲಿ ಬೆಳೆ ಕಾಯೋಕೆ ಅಂತ ಲೈಸೆನ್ಸ್ ಇರುವ ಕೋವಿ ಇತ್ತು. ಚುನಾವಣೆ ಬಂತು ಅಂದರೆ ಅಪ್ಪ ಅದನ್ನು ಠಾಣೆಗೆ ಒಯ್ದು ಠೇವಣಿ ಇಟ್ಟು ರಸೀದಿ ತರುತ್ತಿದ್ದರು. ಹಾಗಾಗಿ ಕೋವಿಗಿಂತ ಅದರ ಕಾಗದವೇ ಜಾಸ್ತಿ ಭಾರ ಅನ್ನೋದು ಸಣ್ಣವನಿದ್ದಾಗಲೇ ಗೊತ್ತಾಗಿತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮ ಕಡೆ ಶಿಕಾರಿ ಅನ್ನೋದು ಅಜ್ಜಂದಿರ ಕಥೆಯಲ್ಲಿ ಮಾತ್ರ. ನಾನು ಕಲಿತದ್ದು ಇಲ್ಲಿಗೆ ಬಂದ ಮೇಲೆ. ವಾಷಿಂಗ್ಟನ್ ರಾಜ್ಯದಲ್ಲಿ 1972ರ ಜನವರಿ 1ರ ನಂತರ ಹುಟ್ಟಿದವರೆಲ್ಲ ಬೇಟೆಯ ತರಗತಿ ಮುಗಿಸಿಯೇ ಲೈಸೆನ್ಸ್ ತಗೋಬೇಕು. ಒಳ್ಳೆಯ ನಿಯಮ. ಬೇಟೆ ಸರಿಯೋ ತಪ್ಪೋ ಅನ್ನೋ ಚರ್ಚೆಗೆ ನಾನು ಇಲ್ಲಿ ಬರುವುದಿಲ್ಲ, ಕ್ಷಮಿಸಿ.

ಯಾಕೆ ಕೆನಡಾ ದಾಟಬೇಕು ಅಂದರೆ, ಅಲಾಸ್ಕಾ ಅಮೆರಿಕದ್ದೇ ಆದರೂ ರಸ್ತೆಯಲ್ಲಿ ಹೋಗೋಕೆ ಬೇರೆ ದಾರಿ ಇಲ್ಲ. ಸುಮಾಸ್ ಗಡಿಯಲ್ಲಿ ಒಳಗೆ ಹೋಗಿ, ಅಬಾಟ್ಸ್‌ಫರ್ಡ್, ಹೋಪ್, ಕ್ಯಾಶ್ ಕ್ರೀಕ್, ಪ್ರಿನ್ಸ್ ಜಾರ್ಜ್ ದಾಟಿ ಡಾಸನ್ ಕ್ರೀಕ್ ತಲುಪಿದರೆ ಅಲ್ಲಿಂದ ಅಲಾಸ್ಕಾ ಹೆದ್ದಾರಿ ಶುರು. ಯುದ್ಧದ ಕಾಲದಲ್ಲಿ, 1942ರಲ್ಲಿ, ಅಮೆರಿಕದ ಸೈನ್ಯ ಒಂದೇ ವರ್ಷದೊಳಗೆ ಕಡಿದು ಹಾಕಿದ ದಾರಿ ಅದು. ಆಮೇಲೆ ಫೋರ್ಟ್ ನೆಲ್ಸನ್, ಲಿಯರ್ಡ್ ಬಿಸಿನೀರಿನ ಬುಗ್ಗೆ, ವಾಟ್ಸನ್ ಲೇಕ್, ವೈಟ್‌ಹಾರ್ಸ್, ಕೊನೆಗೆ ಬೀವರ್ ಕ್ರೀಕ್ ಅನ್ನೋ ಪುಟ್ಟ ಊರು. ಅದು ದಾಟಿದರೆ ಮತ್ತೆ ಅಮೆರಿಕ. ಅಂದರೆ ಒಂದು ಸಲ ಹೋಗಿ ಬಂದರೆ ಅಂತರರಾಷ್ಟ್ರೀಯ ಗಡಿಯನ್ನು ನಾಲ್ಕು ಸಲ ದಾಟುತ್ತೀರಿ, ಎರಡು ದೇಶದ ಕೋವಿ ಕಾನೂನು ಎರಡೆರಡು ಸಲ ನಿಮ್ಮ ತಲೆ ಮೇಲೆ.

ಇದೆಲ್ಲ ಬೇಡ ಅನ್ನುವವರಿಗೆ ವಿಮಾನ ಇದೆ. ಸಿಯಾಟಲ್‌ನಿಂದ ಆಂಕರೇಜ್‌ಗೆ ಹಾರಿದರೆ ಯಾವ ಗಡಿಯೂ ಇಲ್ಲ. ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ ಖಾಲಿ ರೈಫಲ್ ಇಟ್ಟು ಕೌಂಟರ್‌ನಲ್ಲಿ ಹೇಳಿ ಲಗೇಜಿಗೆ ಹಾಕಿದರಾಯಿತು. ಬೆಲ್ಲಿಂಗ್‌ಹ್ಯಾಮ್‌ನಿಂದ ಅಲಾಸ್ಕಾ ಸರ್ಕಾರದ ಹಡಗೂ ಇದೆ, ಕಾರು ಸಮೇತ ಹೋಗಬಹುದು, ಆದರೆ ಹೇನ್ಸ್‌ನಲ್ಲೋ ಸ್ಕ್ಯಾಗ್ವೇಯಲ್ಲೋ ಇಳಿದು ಫೇರ್‌ಬ್ಯಾಂಕ್ಸ್ ಕಡೆ ಕಾರಿನಲ್ಲಿ ಹೋಗೋದಾದರೆ ಮತ್ತೆ ಕೆನಡಾ ಸಿಕ್ಕೇ ಸಿಗುತ್ತದೆ. ಬರೀ ಬೇಟೆಗೆ ಹೋಗುವವರಿಗೆ ವಿಮಾನವೇ ವಾಸಿ. ನಮಗೆ ದಾರಿಯೂ ಬೇಕಿತ್ತು.

ಈಗ ಕಾಗದದ ವಿಷಯ. ಫಾರಂ ನಂಬರ್ ಆರ್‌ಸಿಎಂಪಿ 5589. ಆರ್‌ಸಿಎಂಪಿ ಅಂದರೆ ಕೆನಡಾದ ಕೇಂದ್ರ ಪೊಲೀಸರು, ಅವರ ವೆಬ್‌ಸೈಟಿನಲ್ಲಿ ಸಿಗುತ್ತದೆ. ಮನೆಯಲ್ಲೇ ತುಂಬಿ ಮೂರು ಪ್ರತಿ ಪ್ರಿಂಟ್ ತೆಗೆದುಕೊಂಡು ಹೋಗಿ. ಸಹಿ ಮಾತ್ರ ಹಾಕಬೇಡಿ! ಸಹಿ ಗಡಿ ಅಧಿಕಾರಿಯ ಎದುರೇ ಆಗಬೇಕು. ಕೋವಿಯ ಕಂಪನಿ, ಮಾದರಿ, ಸೀರಿಯಲ್ ನಂಬರ್, ಕ್ಯಾಲಿಬರ್, ನಳಿಗೆಯ ಉದ್ದ, ಇಷ್ಟು ಬರೆಯಬೇಕು. ನಳಿಗೆಯ ಉದ್ದ ಮನೆಯಲ್ಲೇ ಅಳೆದುಕೊಳ್ಳಿ, ಗಡಿಯಲ್ಲಿ ನಿಂತು ಡಿಕ್ಕಿ ತೆಗೆದು ಟೇಪು ಹಿಡಿಯುವ ದೃಶ್ಯ ಯಾರಿಗೂ ಇಷ್ಟ ಆಗುವುದಿಲ್ಲ. ಒಂದು ಕೋವಿ ಇರಲಿ, ಮೂರು ಇರಲಿ, ಶುಲ್ಕ ಅದೇ 25 ಡಾಲರ್. ಮೂರಕ್ಕಿಂತ ಜಾಸ್ತಿ ಇದ್ದರೆ ಇನ್ನೊಂದು ಹಾಳೆ ಸೇರಿಸಬೇಕು, ದುಡ್ಡು ಜಾಸ್ತಿ ಇಲ್ಲ. ವಯಸ್ಸು 18 ಆಗಿರಬೇಕು. ಅಧಿಕಾರಿ ಸಹಿ ಹಾಕಿದ ಮೇಲೆ ಆ ಕಾಗದವೇ 60 ದಿನದ ಲೈಸೆನ್ಸ್. ಅವಧಿ ಮುಗಿಯುವ ಮುಂಚೆ ಆಯಾ ಪ್ರಾಂತ್ಯದ ಮುಖ್ಯ ಬಂದೂಕು ಅಧಿಕಾರಿಗೆ ಫೋನ್ ಮಾಡಿದರೆ ನವೀಕರಣವೂ ಉಚಿತ. ಅಲಾಸ್ಕಾದಿಂದ ವಾಪಸ್ ಬರುವುದೂ ಆ 60 ದಿನದೊಳಗೇ ಇರುವ ಹಾಗೆ ನೋಡಿಕೊಳ್ಳಿ. ಮತ್ತೆ ಕೆನಡಾ ಒಳಗೆ ಬರುವಾಗ ಕೋವಿ ಇದೆ ಅಂತ ನೀವೇ ಬಾಯಿ ಬಿಟ್ಟು ಹೇಳಿ, ಆ ಕಾಗದ ಮುಂದಿಡಿ. ವರ್ಷವರ್ಷ ಹೋಗುವವರಾದರೆ ಕೆನಡಾದ ಸುರಕ್ಷತಾ ಕೋರ್ಸ್ ಮುಗಿಸಿ ಅವರದೇ ಐದು ವರ್ಷದ ಲೈಸೆನ್ಸ್ ತಗೋಬಹುದು, ಹೊರದೇಶದವರಿಗೂ ಕೊಡುತ್ತಾರೆ.

ಸುಮಾಸ್ ಇಪ್ಪತ್ನಾಲ್ಕು ಗಂಟೆಯೂ ತೆರೆದಿರುವ ಗಡಿ. ಅಲ್ಲಿ ಕಿಟಕಿಯಲ್ಲಿ ಕೇಳುವ ಮೊದಲೇ ನಾನು ಹೇಳಿದೆ: ಒಂದು ಬೇಟೆ ರೈಫಲ್ ಇದೆ, ಖಾಲಿ ಇದೆ, ಹಿಂದೆ ಪೆಟ್ಟಿಗೆಯಲ್ಲಿ ಬೀಗ ಹಾಕಿದೆ, ಫಾರಂ ತುಂಬಿದೆ. ಅಧಿಕಾರಿ ಮುಖದಲ್ಲಿ ಏನೂ ಬದಲಾಗಲಿಲ್ಲ. ಪಿಸ್ತೂಲು ಇದೆಯಾ ಅಂತ ಕೇಳಿದರು. ಇಲ್ಲ ಅಂದೆ. ಸ್ವಲ್ಪ ಬೇರೆ ಮಾತಾಡಿ ಮತ್ತೆ ಪಿಸ್ತೂಲು ಅಂದರು. ಒಳಗೆ ಕೌಂಟರ್‌ನಲ್ಲಿ ಇನ್ನೊಬ್ಬರು, ಕಾರಿನಲ್ಲಿ ಎಲ್ಲಾದರೂ ಮರೆತ ಪಿಸ್ತೂಲು ಇರಬಹುದಾ, ಯೋಚನೆ ಮಾಡಿ ಹೇಳಿ ಅಂದರು. ಕೇಳುವುದಕ್ಕೆ ಕಾರಣ ಇದೆ. ಅಮೆರಿಕದಲ್ಲಿ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಪಿಸ್ತೂಲು ಇಟ್ಟು ಅದು ಇರೋದನ್ನೇ ಮರೆತು ಬರುವವರು ಇದ್ದಾರೆ. ಕೆನಡಾದಲ್ಲಿ ಅದು ದೊಡ್ಡ ಅಪರಾಧ. 2022ರ ಆಗಸ್ಟ್‌ನಿಂದ ಸಾಮಾನ್ಯ ಜನ ಪಿಸ್ತೂಲು ಒಳಗೆ ತರುವುದಕ್ಕೇ ತಡೆ ಇದೆ. ಹೇಳದೆ ತಂದ ಕೋವಿ ಸಿಕ್ಕಿದರೆ ಅದು ಜಪ್ತಿ, ಜೊತೆಗೆ ಕೇಸೂ ಆಗಬಹುದು. ಹೊರಡುವ ಹಿಂದಿನ ದಿನ ಕಾರಿನ ಮೂಲೆಮೂಲೆ ಗುಡಿಸಿ. ಹಳೇ ಸೀಟಿನ ಕೆಳಗೆ ಒಂದು ತೋಟಾ ಉರುಳಿಕೊಂಡಿದ್ದರೂ ಸುಮ್ನೆ ಅರ್ಧ ಗಂಟೆ ಹೋಗುತ್ತದೆ.

ಉದ್ದೇಶ ಏನು ಅಂತ ಫಾರಂನಲ್ಲೇ ಕೇಳುತ್ತಾರೆ. ಬೇಟೆ ಆಗಬಹುದು, ಸ್ಪರ್ಧೆ ಆಗಬಹುದು, ಕೆನಡಾ ಮೂಲಕ ಹಾದುಹೋಗುವುದು ಆಗಬಹುದು, ದೂರದ ಕಾಡಿನಲ್ಲಿ ಪ್ರಾಣಿಗಳಿಂದ ರಕ್ಷಣೆ ಅಂತಲೂ ಆಗಬಹುದು. ಆದರೆ ಮನುಷ್ಯರಿಂದ ಆತ್ಮರಕ್ಷಣೆಗೆ ಅಂತ ಬಾಯಿ ತಪ್ಪಿಯೂ ಹೇಳಬೇಡಿ, ಅದು ಅಲ್ಲಿ ಕಾರಣವೇ ಅಲ್ಲ. ನಾನು ಬರೆದದ್ದು ಹಾದುಹೋಗುವುದು ಅಂತ. ಅಲಾಸ್ಕಾದ ಬೇಟೆ ಲೈಸೆನ್ಸ್ ಪ್ರಿಂಟ್ ಜೊತೆಗಿತ್ತು, ಅದನ್ನು ನೋಡಿದ ಮೇಲೆ ಪ್ರಶ್ನೆ ಕಡಿಮೆಯಾಯಿತು. ದಾರಿಯಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲೇ ಒಂದು ಕೈ ನೋಡಿಬಿಡೋಣ ಅನ್ನೋ ಆಸೆ ಇದ್ದರೆ ಬಿಟ್ಟುಬಿಡಿ. ಹೊರದೇಶದವರಿಗೆ ಅಲ್ಲಿ ದೊಡ್ಡ ಪ್ರಾಣಿಯ ಬೇಟೆಗೆ ಗೈಡ್ ಬೇಕು, ಅವರ ಲೈಸೆನ್ಸ್ ಬೇಕು, ಅದು ಬೇರೆಯೇ ಖರ್ಚು.

ಯಾವ ಕೋವಿ ಅನ್ನೋದು ಮುಖ್ಯ. ನನ್ನದು ಪ್ರತಿ ಗುಂಡಿಗೂ ಬೋಲ್ಟ್ (ತೋಟಾ ಒಳಗೆ ತಳ್ಳಿ ಮುಚ್ಚುವ ಉಕ್ಕಿನ ತುಂಡು) ಕೈಯಲ್ಲಿ ಎಳೆದು ಹೊಡೆಯುವ ಟಿಕ್ಕಾ ಕಂಪನಿಯದು, 30-06 ಅನ್ನೋ ಅಳತೆಯ ತೋಟಾದ್ದು. ಮಾಮೂಲಿ ಬೇಟೆ ರೈಫಲ್, ಕೆನಡಾದ ಲೆಕ್ಕದಲ್ಲಿ ನಿರ್ಬಂಧವಿಲ್ಲದ ವರ್ಗ. ಅಮೆರಿಕದಲ್ಲಿ ಅಂಗಡಿ ಅಂಗಡಿಯಲ್ಲಿ ನೇತು ಹಾಕಿರುವ ಎಆರ್-15 ಅನ್ನೋ ರೈಫಲ್ ತಗೊಂಡು ಹೋಗುವ ಯೋಚನೆಯೇ ಬೇಡ. 2020ರ ಮೇ 1ರಂದು ಕೆನಡಾ ಸುಮಾರು 1,500 ಮಾದರಿಗಳನ್ನು ಒಂದೇ ಏಟಿಗೆ ನಿಷೇಧಿಸಿತು, ಅದರಲ್ಲಿ ಎಆರ್-15 ಇದೆ, ರೈತರು ಇಟ್ಟುಕೊಳ್ಳುವ ರೂಗರ್ ಮಿನಿ-14 ಕೂಡ ಇದೆ. 2024ರ ಡಿಸೆಂಬರ್‌ನಲ್ಲಿ ಮತ್ತೆ 324 ಸೇರಿಸಿದರು, 2025ರ ಮಾರ್ಚ್‌ನಲ್ಲಿ ಇನ್ನೊಂದಿಷ್ಟು. ಹೋದ ವರ್ಷ ಗೆಳೆಯ ತಗೊಂಡು ಹೋಗಿದ್ದ ಅಂತ ನಂಬಿಕೊಂಡು ಹೊರಡಬೇಡಿ, ಪಟ್ಟಿ ಬೆಳೆಯುತ್ತಲೇ ಇದೆ. ಸೆಮಿ ಆಟೋಮ್ಯಾಟಿಕ್ (ಒಂದು ಗುಂಡು ಹಾರಿದ ಮೇಲೆ ಮುಂದಿನದನ್ನು ತಾನೇ ತುಂಬಿಕೊಳ್ಳುವ) ಬೇಟೆ ರೈಫಲ್ ಆದರೆ ಮ್ಯಾಗಜೀನ್‌ನಲ್ಲಿ ಐದು ಗುಂಡಿನ ಮಿತಿಯೂ ಇದೆ. ಬೋಲ್ಟ್ ರೈಫಲ್ ಇದ್ದರೆ ಇದ್ಯಾವ ತಂಟೆಯೂ ಇಲ್ಲ. ತೋಟಾ 200ರವರೆಗೆ ಸುಂಕವಿಲ್ಲದೆ ಒಯ್ಯಬಹುದು. ನಾನು ನಾಲ್ಕು ಡಬ್ಬಿ ಒಯ್ದೆ, ಅದೇ ಜಾಸ್ತಿ.

ಕರಡಿಗೆ ಹೊಡೆಯುವ ಸ್ಪ್ರೇ ಒಯ್ಯಬಹುದು, ಆದರೆ ಡಬ್ಬಿಯ ಮೇಲೆ ಪ್ರಾಣಿಗಳಿಗೆ ಅಂತ ಬರೆದಿರಬೇಕು. ಹೆಂಗಸರು ಪರ್ಸಿನಲ್ಲಿ ಇಟ್ಟುಕೊಳ್ಳುವ ಪೆಪ್ಪರ್ ಸ್ಪ್ರೇ ಕೆನಡಾದಲ್ಲಿ ನಿಷಿದ್ಧ ಆಯುಧ. ಜೊತೆಗೆ ಬರುವ ಮನೆಯವರಿಗೆ ಇದನ್ನು ಮೊದಲೇ ಹೇಳಿ. ಗಾಂಜಾ ವಾಷಿಂಗ್ಟನ್‌ನಲ್ಲೂ ಓಕೆ, ಕೆನಡಾದಲ್ಲೂ ಓಕೆ, ಗಡಿ ದಾಟಿಸುವುದು ಮಾತ್ರ ಅಪರಾಧ. ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದ ಹಳೆಯ ಕೇಸು ಇದ್ದವರನ್ನು ಕೋವಿ ಇಲ್ಲದಿದ್ದರೂ ವಾಪಸ್ ಕಳಿಸಬಹುದು. 2018ರ ಡಿಸೆಂಬರ್‌ನಿಂದ ಕೆನಡಾ ಅದನ್ನು ಗಂಭೀರ ಅಪರಾಧದ ಸಾಲಿಗೆ ಸೇರಿಸಿದೆ.

ಇನ್ನು ನಮ್ಮವರಿಗೆ ನಿಜವಾಗಿ ಬೇಕಾದ ವಿಷಯ, ವೀಸಾ. ಇದನ್ನು ಎರಡು ಸಲ ಓದಿ. ನನಗೆ ಗ್ರೀನ್ ಕಾರ್ಡ್ ಇದೆ. ಹಾಗಾಗಿ ಕೆನಡಾಕ್ಕೆ ಹೋಗೋಕೆ ಭಾರತದ ಪಾಸ್‌ಪೋರ್ಟ್ ಮತ್ತು ಗ್ರೀನ್ ಕಾರ್ಡ್ ಸಾಕು, ವೀಸಾ ಬೇಡ. ನನ್ನ ಜೊತೆ ಬಂದವನು ವಿರಾಜಪೇಟೆ ಕಡೆಯ ಕೊಡವ, ಇಲ್ಲಿ ಎಚ್-1ಬಿ ಅನ್ನೋ ಕೆಲಸದ ವೀಸಾ ಮೇಲೆ ಇದ್ದಾನೆ. ಅವನಿಗೆ ಕೆನಡಾ ವೀಸಾ ಬೇರೆ ಬೇಕು. ಅದಾದರೂ ಸಿಗುತ್ತದೆ. ಕೋವಿಯ ವಿಷಯದಲ್ಲಿ ಅವನ ಕಥೆ ಕೇಳಿದರೆ ನಗು ಬರುತ್ತದೆ. ಕೊಡವರಿಗೆ, ಜಮ್ಮಾ (ಕೊಡಗಿನ ಪಿತ್ರಾರ್ಜಿತ ಜಮೀನು) ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದಲೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಊರಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿ ಬೆಳೆದವನು ಅವನು. ಪ್ರಪಂಚದಲ್ಲೇ ಕೋವಿಗೆ ಅತಿ ಸಡಿಲ ಅಂತ ಹೆಸರಾದ ದೇಶಕ್ಕೆ ಬಂದ ಮೇಲೆ ಮುಟ್ಟೋಕೂ ಆಗುವುದಿಲ್ಲ!

ಕಾರಣ ಅಮೆರಿಕದ ಕೇಂದ್ರ ಕಾನೂನು. ವಲಸೆ ವೀಸಾ ಅಲ್ಲದ ಯಾವುದೇ ವೀಸಾ ಮೇಲೆ ಇರುವವರು, ಅಂದರೆ ಎಚ್-1ಬಿ, ಎಲ್-1, ವಿದ್ಯಾರ್ಥಿ, ಪ್ರವಾಸಿ, ಕೋವಿಯನ್ನಾಗಲೀ ತೋಟಾವನ್ನಾಗಲೀ ಇಟ್ಟುಕೊಳ್ಳುವ ಹಾಗಿಲ್ಲ. ಕೆಲವು ವಿನಾಯಿತಿ ಇವೆ, ಅದರಲ್ಲಿ ನಮ್ಮಂಥವರಿಗೆ ಹೊಂದುವುದು ಒಂದೇ, ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಅದು ಇದ್ದರೆ ಆಯಿತು, ಇಲ್ಲದಿದ್ದರೆ ಫೋಟೋಗೆ ಅಂತ ಕೈಯಲ್ಲಿ ಹಿಡಿದು ನಿಂತದ್ದೂ ಮುಂದೆ ತೊಂದರೆಯಾಗಬಹುದು. ಅದರ ಮೇಲೆ ಕೆಲವು ರಾಜ್ಯಗಳು ತಮ್ಮದೇ ನಿಯಮ ಸೇರಿಸಿವೆ. ಇನ್ನೂ ಒಂದು, ಇಂಥ ವೀಸಾದವರು ಹೊರಗಿನಿಂದ ಅಮೆರಿಕದ ಒಳಗೆ ಕೋವಿ ತರಬೇಕಾದರೆ ಅಮೆರಿಕದಲ್ಲಿ ಬಂದೂಕು ನೋಡಿಕೊಳ್ಳುವ ಎಟಿಎಫ್ ಇಲಾಖೆಯ 6ಎನ್‌ಐಎ ಅನ್ನೋ ಅನುಮತಿ ಮೊದಲೇ ಕೈಯಲ್ಲಿರಬೇಕು. ಅಲಾಸ್ಕಾಕ್ಕೆ ಹೋಗುವಾಗ ಕೆನಡಾ ದಾಟುತ್ತೀರಲ್ಲ, ಅಂದರೆ ಅಲಾಸ್ಕಾ ಗಡಿಯಲ್ಲಿ ನೀವು ಕೋವಿಯನ್ನು ಹೊರಗಿನಿಂದ ಒಳಗೆ ತಂದ ಲೆಕ್ಕ! ಇದು ಗೊತ್ತಿಲ್ಲದೆ ಹೊರಡುವವರ ಬಗ್ಗೆ ನನಗೆ ಹೆದರಿಕೆ. ಎಷ್ಟೋ ವರ್ಷದಿಂದ ಗ್ರೀನ್ ಕಾರ್ಡ್ ಸಾಲಿನಲ್ಲಿ ಕಾಯುತ್ತಿರುವವರು ಒಂದು ಕ್ಯಾಂಪಿಂಗ್ ಆಸೆಗೆ ಅದನ್ನು ಪಣಕ್ಕಿಡಬೇಕಾ ಹೇಳಿ. ನಾವು ಮಾಡಿದ್ದು ಇಷ್ಟೇ: ಕೋವಿ ನನ್ನದು, ಕಾಗದ ನನ್ನ ಹೆಸರಲ್ಲಿ, ಪೆಟ್ಟಿಗೆಯ ಕೀಲಿ ಇಡೀ ದಾರಿ ನನ್ನ ಜೇಬಿನಲ್ಲಿ. "ನೀನು ಅಡುಗೆ ನೋಡ್ಕೋ ಮಾರಾಯ" ಅಂದೆ. ಪಂದಿಕರಿ ಮಾಡಲು ಕಾಚಂಪುಳಿ ಬಾಟ್ಲಿ ಸಮೇತ ಬಂದಿದ್ದ, ಹಂದಿ ಮಾಂಸ ಪ್ರಿನ್ಸ್ ಜಾರ್ಜ್‌ನಲ್ಲಿ ತಗೊಂಡೆವು. ಐದಕ್ಕೆ ಆರು ಸ್ಟಾರ್.

ಅಮೆರಿಕದ ಕಡೆಯ ಕಾಗದ ಒಂದೇ, ಕಸ್ಟಮ್ಸಿನ ಫಾರಂ 4457. ಇದು ನನ್ನದೇ ವಸ್ತು, ಇಲ್ಲಿಂದಲೇ ಒಯ್ದೆ, ವಾಪಸ್ ತರುತ್ತಿದ್ದೇನೆ ಅನ್ನೋದಕ್ಕೆ ಸಾಕ್ಷಿ. ದುಡ್ಡಿಲ್ಲ. ಹೊರಡುವ ಮುಂಚೆ ಕಸ್ಟಮ್ಸ್ ಕಚೇರಿಗೆ ಕೋವಿ ಸಮೇತ ಹೋಗಬೇಕು. ಆದರೆ ಕೋವಿ ಹೆಗಲಿಗೆ ಹಾಕಿಕೊಂಡು ಬಾಗಿಲು ತಳ್ಳಬೇಡಿ. ಕಾರಿನಲ್ಲೇ ಬಿಟ್ಟು ಒಳಗೆ ಹೋಗಿ ಹೇಳಿ, ಹೇಗೆ ತರಬೇಕು ಅಂತ ಅವರೇ ಹೇಳುತ್ತಾರೆ. ಸೀರಿಯಲ್ ನಂಬರ್ ನೋಡಿ ಮುದ್ರೆ ಒತ್ತಿ ಕೊಡುತ್ತಾರೆ. ಆ ಫಾರಂನ ಮೇಲ್ಭಾಗದಲ್ಲಿ ಒಂದು ಅವಧಿ ದಿನಾಂಕ ಇರುತ್ತದೆ, ಅದು ನೋಡಿ ಗಾಬರಿಯಾಗುವವರು ಬಹಳ. ಅದು ಫಾರಂನ ಆವೃತ್ತಿಗೆ ಸಂಬಂಧಪಟ್ಟದ್ದು, ನಿಮ್ಮ ಕೋವಿಗಲ್ಲ. ಹೊರಗೆ ಒಯ್ಯುವುದಕ್ಕೂ ಮಿತಿ ಇದೆ, ನಾಗರಿಕರು ಮತ್ತು ಗ್ರೀನ್ ಕಾರ್ಡಿನವರು ಮೂರು ಬೇಟೆ ಕೋವಿ, 1,000 ತೋಟಾದವರೆಗೆ ಪ್ರತ್ಯೇಕ ರಫ್ತು ಲೈಸೆನ್ಸ್ ಇಲ್ಲದೆ ಒಯ್ಯಬಹುದು. ಆದರೆ ಹೊರಡುವಾಗಲೂ ಅಮೆರಿಕದ ಕಸ್ಟಮ್ಸಿಗೆ ಹೇಳಿ ಹೋಗಬೇಕು.

ಈಗ ಪೆಟ್ಟಿಗೆ. ನಿರ್ಬಂಧವಿಲ್ಲದ ವರ್ಗದ ಕೋವಿಗೆ ಗಟ್ಟಿ ಪೆಟ್ಟಿಗೆ ಇರಲೇಬೇಕು ಅಂತ ಕೆನಡಾ ಹೇಳುವುದಿಲ್ಲ. ಖಾಲಿ ಇರಬೇಕು, ಕಾರು ಬಿಟ್ಟು ಹೋಗುವಾಗ ಡಿಕ್ಕಿಯಲ್ಲಿಟ್ಟು ಬೀಗ ಹಾಕಿರಬೇಕು, ಡಿಕ್ಕಿ ಇಲ್ಲದ ಗಾಡಿಯಾದರೆ ಹೊರಗಿಂದ ಕಾಣದ ಹಾಗಿಟ್ಟು ಗಾಡಿ ಲಾಕ್ ಮಾಡಿರಬೇಕು, ಅಷ್ಟೇ. ರಾಷ್ಟ್ರೀಯ ಉದ್ಯಾನದೊಳಗೆ ಹಾದುಹೋಗುವಾಗ ಮಾತ್ರ ಕೋವಿ ಪೆಟ್ಟಿಗೆಯಲ್ಲೋ, ಪೂರ್ತಿ ಸುತ್ತಿ ಕಟ್ಟಿದ ಸ್ಥಿತಿಯಲ್ಲೋ ಇರಬೇಕು. ಆದರೂ ಕ್ಯಾಂಪಿಂಗ್ ಮಾಡುವವರು ಒಳ್ಳೆಯ ಪೆಟ್ಟಿಗೆ ತಗೊಳ್ಳಿ ಅನ್ನುತ್ತೇನೆ. ಮೊದಲು ನಾನು ಊರ ಹತ್ತಿರದ ಅಂಗಡಿಯೊಂದರಲ್ಲಿ ಅಗ್ಗದ ಪ್ಲಾಸ್ಟಿಕ್ ಪೆಟ್ಟಿಗೆ ತಂದಿದ್ದೆ, ಹೆಸರು ಬೇಡ. ಎರಡು ಬೀಗ ಹಾಕಿದ ಮೇಲೂ ಮೂಲೆ ಹಿಡಿದು ಎಳೆದರೆ ಬೆರಳು ಒಳಗೆ ಹೋಗುತ್ತಿತ್ತು. ಬೀಗದ ತೂತೂ ಸಣ್ಣದು, ಗಟ್ಟಿ ಬೀಗದ ಕೊಂಡಿ ಹಿಡಿಸುತ್ತಲೇ ಇರಲಿಲ್ಲ. ಆಮೇಲೆ ನಾಲ್ಕು ಕಡೆ ಬೀಗ ಹಾಕುವ, ಸುತ್ತ ರಬ್ಬರ್ ಪಟ್ಟಿ ಇರುವ ದಪ್ಪನೆಯದು ತಂದೆ. ಭಾರ, ದುಬಾರಿ, ಕಾರಿನ ಅರ್ಧ ಜಾಗ ಅದಕ್ಕೇ ಬೇಕು, ಆದರೆ ಮೂಲೆ ಅಲುಗುವುದಿಲ್ಲ. ಇಂಥ ನೀರು ಹೋಗದ ಪೆಟ್ಟಿಗೆಯಲ್ಲಿ ಒಂದು ಎಡವಟ್ಟು ಇದೆ: ಹೊರಗಿನ ನೀರು ಒಳಗೆ ಬರದಿದ್ದರೆ ಒಳಗಿನ ತೇವವೂ ಹೊರಗೆ ಹೋಗುವುದಿಲ್ಲ. ಮಳೆಯಲ್ಲಿ ನೆನೆದ ಕೋವಿಯನ್ನು ಹಾಗೇ ಮುಚ್ಚಿಟ್ಟರೆ ಬೆಳಿಗ್ಗೆಗೆ ತುಕ್ಕು ಹಿಡಿಯಲು ಶುರುವಾಗುತ್ತದೆ. ಒರೆಸಿ, ಎಣ್ಣೆ ಸವರಿ, ತೇವ ಹೀರುವ ಸಿಲಿಕಾ ಪೊಟ್ಟಣ ಹಾಕಿ. ಅಲಾಸ್ಕಾಕ್ಕೆ ಅಂಟಿಕೊಂಡಿರುವ ಕೆನಡಾದ ಯೂಕಾನ್ ಪ್ರದೇಶದಲ್ಲಿ ಸೆಪ್ಟೆಂಬರ್ ರಾತ್ರಿ ಸೊನ್ನೆಗಿಂತ ಕೆಳಗೆ ಹೋಗಬಹುದು. ತಣ್ಣಗಿನ ಕೋವಿಯನ್ನು ಬೆಚ್ಚಗಿನ ಕಾರಿನೊಳಗೆ ತಂದ ಕೂಡಲೇ ಅದರ ಮೈಮೇಲೆಲ್ಲ ಬೆವರು ಕೂರುತ್ತದೆ.

ಇಷ್ಟಾದ ಮೇಲೂ ರಾತ್ರಿಯ ಪ್ರಶ್ನೆ ಹಾಗೇ ಇದೆ. ಕೆನಡಾದ ನಿಯಮ ಹೀಗೆ: ಇಟ್ಟ ಕೋವಿ ಖಾಲಿ ಇರಬೇಕು. ಜೊತೆಗೆ ಟ್ರಿಗರ್ ಲಾಕ್ ಹಾಕಿರಬೇಕು, ಇಲ್ಲ ಬೋಲ್ಟ್ ತೆಗೆದಿರಬೇಕು, ಇಲ್ಲ ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು. ತೋಟಾ ಪಕ್ಕದಲ್ಲೇ ಕೈಗೆ ಸಿಗುವ ಹಾಗೆ ಇರಬಾರದು, ಅದಕ್ಕೂ ಬೀಗ ಇದ್ದರೆ ಪರವಾಗಿಲ್ಲ. ಬೇಟೆ ನಡೆಯಬಹುದಾದ ದೂರದ ಕಾಡಿನಲ್ಲಿ ಈ ಬೀಗದ ನಿಯಮಕ್ಕೆ ವಿನಾಯಿತಿ ಇದೆ, ಕರಡಿ ಬಂದಾಗ ಕೀಲಿ ಹುಡುಕುತ್ತಾ ಕೂರೋಕೆ ಆಗುವುದಿಲ್ಲವಲ್ಲ. ಆದರೆ ಪಕ್ಕದ ಸೈಟಿನಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಿರುವ ಸರ್ಕಾರಿ ಕ್ಯಾಂಪ್‌ಗ್ರೌಂಡು ದೂರದ ಕಾಡು ಆಗುವುದಿಲ್ಲ. ರಸ್ತೆಯಲ್ಲಿ ಹೋಗುವವರು ಮಲಗುವುದೆಲ್ಲ ಇಂಥ ಕಡೆಯೇ. ಟೆಂಟಿನೊಳಗೆ ಪೆಟ್ಟಿಗೆ ಇಟ್ಟು ಮಲಗಿದರೆ ಕಾಲು ಚಾಚಲು ಜಾಗ ಇಲ್ಲ, ಪೆಟ್ಟಿಗೆ ಬಿಟ್ಟು ಸ್ನಾನಕ್ಕೆ ಹೋಗೋಕೂ ಆಗುವುದಿಲ್ಲ. ಕಾರಿನಲ್ಲಿಟ್ಟರೆ ಗಾಜು ಒಡೆದರೆ ಏನು ಗತಿ ಅಂತ ನಿದ್ದೆ ಬರುವುದಿಲ್ಲ.

ನಾನು ಕಂಡುಕೊಂಡ ದಾರಿ ಬೋಲ್ಟ್. ಬೋಲ್ಟ್ ರೈಫಲಿನ ದೊಡ್ಡ ಅನುಕೂಲ ಇದೇ, ಒಂದು ಗುಂಡಿ ಒತ್ತಿ ಹಿಂದಕ್ಕೆ ಎಳೆದರೆ ಬೋಲ್ಟ್ ಕೈಗೆ ಬರುತ್ತದೆ, ಉಳಿದದ್ದು ಬರೀ ಕೊಳವೆ. ಬೋಲ್ಟ್ ನನ್ನ ಜೇಬಿನಲ್ಲಿ, ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ. ಕೋವಿ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಕಾರಿನಲ್ಲಿ ಕಂಬಳಿ ಕೆಳಗೆ, ಸೀಟಿನ ಕಬ್ಬಿಣಕ್ಕೆ ಉಕ್ಕಿನ ಕೇಬಲ್‌ನಲ್ಲಿ ಕಟ್ಟಿ. ತೋಟಾ ಬೇರೆ ಡಬ್ಬಿಯಲ್ಲಿ, ಅದಕ್ಕೂ ಒಂದು ಸಣ್ಣ ಬೀಗ. ಕೇಬಲ್‌ಗೆ ಹದಿನೈದೋ ಇಪ್ಪತ್ತೋ ಡಾಲರ್, ಇಡೀ ಪ್ರಯಾಣದಲ್ಲಿ ಕೊಟ್ಟ ದುಡ್ಡಿಗೆ ಪೂರ್ತಿ ಕೆಲಸ ಮಾಡಿದ ವಸ್ತು ಅದು. ಕಳ್ಳ ಬಂದು ಕತ್ತರಿಸಿಕೊಂಡು ಹೋದ ಅಂತಲೇ ಇಟ್ಟುಕೊಳ್ಳಿ, ಬೋಲ್ಟ್ ಇಲ್ಲದ ಕೋವಿಯಿಂದ ಆ ರಾತ್ರಿ ಯಾರಿಗೂ ಏನೂ ಮಾಡಲಾರ. ನನಗೆ ನಿದ್ದೆ ಬಂದದ್ದು ಈ ಒಂದು ಯೋಚನೆಯಿಂದ. ಗೆಳೆಯ ಮಾತ್ರ, "ಕರಡಿ ಬಂದ್ರೆ ಬೋಲ್ಟ್ ತೋರ್ಸಿ ಹೆದರಿಸ್ತೀಯಾ?" ಅಂತ ದಿನಾ ಕೇಳುತ್ತಿದ್ದ.

ಕರಡಿಯ ವಿಷಯ ತಮಾಷೆಯಲ್ಲ. ಲಿಯರ್ಡ್ ಬಿಸಿನೀರಿನ ಬುಗ್ಗೆಯಲ್ಲೇ 1997ರಲ್ಲಿ ಕಪ್ಪು ಕರಡಿಯೊಂದು ಇಬ್ಬರನ್ನು ಕೊಂದಿದೆ. ಆದರೂ ಕ್ಯಾಂಪ್‌ಗ್ರೌಂಡಿನಲ್ಲಿ ಕೋವಿ ಉತ್ತರ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ಕತ್ತಲಲ್ಲಿ, ನಿದ್ದೆಗಣ್ಣಿನಲ್ಲಿ, ಸುತ್ತ ಜನರ ಟೆಂಟುಗಳಿರುವಾಗ 30-06 ಹೊಡೆದರೆ ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ? ಟೆಂಟಿನ ಬಟ್ಟೆ ಅದಕ್ಕೆ ಲೆಕ್ಕವೇ ಅಲ್ಲ. ಸ್ಪ್ರೇ ತಲೆದಿಂಬಿನ ಪಕ್ಕ ಇಟ್ಟುಕೊಳ್ಳಿ. ಊಟದ ಸಾಮಾನು, ಟೂತ್‌ಪೇಸ್ಟು, ಸೋಪು ಎಲ್ಲ ಕಾರಿನಲ್ಲೋ ಅವರೇ ಕೊಟ್ಟಿರುವ ಕಬ್ಬಿಣದ ಪೆಟ್ಟಿಗೆಯಲ್ಲೋ ಇಡಿ. ಪಂದಿಕರಿ ಮಾಡಿದ ಪಾತ್ರೆ ತೊಳೆಯದೆ ಮಲಗಿದರೆ ನಾನಂತೂ ಏನೂ ಮಾಡಲಾರೆ. ನಮ್ಮ ದಾರಿಯದಲ್ಲದಿದ್ದರೂ, ಕೆನಡಾದ ರಾಕಿ ಬೆಟ್ಟಗಳ ಲೇಕ್ ಲೂಯಿಸ್‌ನಲ್ಲಿ ಟೆಂಟಿನವರ ಕ್ಯಾಂಪ್‌ಗ್ರೌಂಡಿಗೆ ಸುತ್ತಲೂ ವಿದ್ಯುತ್ ಬೇಲಿಯೇ ಇದೆ. ನಮ್ಮ ಕಡೆ ಆನೆಗೆ ಹಾಕುತ್ತಾರಲ್ಲ, ಇಲ್ಲಿ ಕರಡಿಗೆ. ಯೂಕಾನ್ ಸರ್ಕಾರದ ಕ್ಯಾಂಪ್‌ಗ್ರೌಂಡುಗಳು ನನಗೆ ಬಹಳ ಇಷ್ಟವಾದವು, ಸೌದೆ ಶುಲ್ಕದಲ್ಲೇ ಸೇರಿದೆ, ಜನ ಕಡಿಮೆ. ಕ್ಲುವಾನಿ ಸರೋವರದ ಹತ್ತಿರ ಬೆರ್ರಿ ಹಣ್ಣಾಗುವ ಕಾಲಕ್ಕೆ ಕರಡಿ ಓಡಾಟ ಜಾಸ್ತಿ, ಟೆಂಟಿಗೆ ಬಿಡುತ್ತಾರೋ ಇಲ್ಲವೋ ವೈಟ್‌ಹಾರ್ಸ್‌ನಲ್ಲೇ ಕೇಳಿಕೊಂಡು ಹೊರಡಿ.

ಬೀವರ್ ಕ್ರೀಕ್ ಕಡೆ ಕೆನಡಾ ಬಿಟ್ಟು ಹೋಗುವಾಗ ಕೆನಡಾದವರು ನಿಲ್ಲಿಸುವುದಿಲ್ಲ, ಅವರ ಕಚೇರಿ ಒಳಗೆ ಬರುವವರಿಗೆ ಮಾತ್ರ. ಇನ್ನೂ ಸುಮಾರು 30 ಕಿಲೋಮೀಟರ್ ಹೋದ ಮೇಲೆ ಅಮೆರಿಕದ ಆಲ್ಕನ್ ಗಡಿ. ಅಲ್ಲಿ ಪಾಸ್‌ಪೋರ್ಟ್, ಗ್ರೀನ್ ಕಾರ್ಡ್, 4457 ಮೂರೂ ಒಟ್ಟಿಗೆ ಕೊಟ್ಟೆ. ಐದು ನಿಮಿಷದ ಕೆಲಸ. ಡಾಸನ್ ಸಿಟಿ ಕಡೆಯಿಂದ ಟಾಪ್ ಆಫ್ ದ ವರ್ಲ್ಡ್ ಅನ್ನೋ ರಸ್ತೆಯಲ್ಲಿ ಹೋಗುವ ಆಸೆ ಇದ್ದವರು ನೆನಪಿಡಿ, ಅಲ್ಲಿನ ಪೋಕರ್ ಕ್ರೀಕ್ ಗಡಿ ಚಳಿಗಾಲದಲ್ಲಿ ಇಲ್ಲ, ಬೇಸಿಗೆಯಲ್ಲೂ ರಾತ್ರಿ ಮುಚ್ಚುತ್ತದೆ. ಮುಚ್ಚಿದ ಗೇಟಿನ ಮುಂದೆ ಕೋವಿ ಇಟ್ಟುಕೊಂಡು ರಾತ್ರಿ ಕಳೆಯುವುದು ಬೇಡ.

ಅಲಾಸ್ಕಾದ ಲೆಕ್ಕ ಬೇಗ ಹೇಳುತ್ತೇನೆ. ಹೊರರಾಜ್ಯದವರಿಗೆ ಬೇಟೆ ಲೈಸೆನ್ಸ್ 160 ಡಾಲರ್, ಅದರ ಮೇಲೆ ಪ್ರಾಣಿಗೊಂದು ಟ್ಯಾಗ್ ಅನ್ನೋ ಅನುಮತಿ ಚೀಟಿ: ಕ್ಯಾರಿಬೂ (ಹಿಮಸಾರಂಗ) ಟ್ಯಾಗ್ 650, ಮೂಸ್ (ಅಲ್ಲಿನ ಭಾರೀ ಗಾತ್ರದ ಜಿಂಕೆ) ಆದರೆ 800. ಕಂದು ಕರಡಿ, ಡಾಲ್ ಕುರಿ, ಬೆಟ್ಟದ ಮೇಕೆಗೆ ಗೈಡ್ ಇಲ್ಲವೇ ಅಲ್ಲಿನ ನಿವಾಸಿಯಾದ ಹತ್ತಿರದ ನೆಂಟ ಜೊತೆಗಿರಬೇಕು. ಅಮೆರಿಕದ ನಿವಾಸಿಯೇ ಅಲ್ಲದ ಹೊರದೇಶದವರಾದರೆ, ಅಂದರೆ ಊರಿನಿಂದ ಬಂದ ಭಾವನನ್ನು ಕರೆದುಕೊಂಡು ಹೋದರೆ, ದೊಡ್ಡ ಪ್ರಾಣಿ ಯಾವುದಕ್ಕೂ ಗೈಡ್ ಬೇಕು. ಡಾಲ್ಟನ್ ಹೆದ್ದಾರಿಯಲ್ಲಿ ರಸ್ತೆ ಪಕ್ಕವೇ ಕ್ಯಾರಿಬೂ ಹಿಂಡು ಸಿಗುತ್ತದೆ ಅಂತ ವಿಡಿಯೋ ನೋಡಿ ಹೋಗುವವರಿಗೆ ಒಂದು ಮಾತು. ಯೂಕಾನ್ ನದಿ ದಾಟಿದ ಮೇಲೆ ಆ ರಸ್ತೆಯ ಎರಡೂ ಬದಿ ಐದೈದು ಮೈಲಿ ಕೋವಿ ಬೇಟೆಗೆ ಅವಕಾಶ ಇಲ್ಲ, ಬಿಲ್ಲು ಬಾಣ ಮಾತ್ರ. ಕೋವಿಯವರು ಟಂಡ್ರಾದ ಜೌಗಿನಲ್ಲಿ ಐದು ಮೈಲಿ ನಡೆದು ಹೋಗಬೇಕು, ಹೊಡೆದರೆ ಮಾಂಸ ಹೊತ್ತು ಅಷ್ಟೇ ದೂರ ವಾಪಸ್ ಬರಬೇಕು. ಕ್ಯಾರಿಬೂ ಸಿಕ್ಕಿತಾ ಅಂತ ಕೇಳಬೇಡಿ. ಕಪ್ಪು ಕರಡಿ ಹೊಡೆಯುವವರು ಚರ್ಮ, ತಲೆಬುರುಡೆ ಕೆನಡಾ ಮೂಲಕ ತರಬೇಕಾದರೆ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪರವಾನಗಿ ಬೇಕಾ ಅಂತ ಹೊರಡುವ ಮೊದಲೇ ವಿಚಾರಿಸಿಕೊಳ್ಳಿ.

ಒಟ್ಟು ಯಾರಿಗೆ ಸರಿ? ಗ್ರೀನ್ ಕಾರ್ಡ್ ಅಥವಾ ಪೌರತ್ವ ಇದ್ದು, ಬೋಲ್ಟ್ ರೈಫಲ್ ಇದ್ದು, ಕಾಗದ ಜೋಡಿಸುವ ತಾಳ್ಮೆ ಇದ್ದರೆ ಧೈರ್ಯವಾಗಿ ಹೋಗಿ, ಆ 25 ಡಾಲರ್ ದಂಡ ಅಲ್ಲ. ಎಚ್-1ಬಿಯವರು ಕೋವಿ ಮನೆಯಲ್ಲಿ ಬಿಟ್ಟು ಸ್ಪ್ರೇ ತಗೊಂಡು ಹೋಗಿ. ಬರೀ ಕರಡಿ ಭಯಕ್ಕೆ ಕೋವಿ ಒಯ್ಯುತ್ತೇನೆ ಅನ್ನುವವರು ಟೆಂಟಿನ ಬದಲು ಬಾಡಿಗೆ ಕ್ಯಾಂಪರ್ ವ್ಯಾನ್ ತಗೊಳ್ಳಿ, ಆದರೆ ಗಡಿ ದಾಟಿಸಲು ಬಾಡಿಗೆ ಕಂಪನಿಯ ಒಪ್ಪಿಗೆ ಮೊದಲೇ ಕೇಳಿಕೊಳ್ಳಿ.